ಬಿ.ಕಾಂ. ಬಿಟ್ಟು ಜಪಾನಿಗೆ ಹೊರಟ ಹುಡುಗಿ: ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗಬಾರದು ಅಂತ ಊರು, ಮನೆಯ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಮನೆಯವರ ಒಪ್ಪಿಗೆ ಇದೆ.)

ಹುಡುಗಿ ಬಿ.ಕಾಂ. ಎರಡನೇ ವರ್ಷ. ಮಲೆನಾಡಿನ ಕಡೆಯವಳು, ಅಪ್ಪನಿಗೆ ಅಡಿಕೆ ತೋಟ. ಆನ್‌ಲೈನ್ ಕ್ಲಾಸಿಗೆ ಸೇರಿ ಹಿಂದಿನ ಡಿಸೆಂಬರ್‌ನಲ್ಲಿ ಜೆಎಲ್‌ಪಿಟಿ (ಜಪಾನೀಸ್ ಭಾಷಾ ಪರೀಕ್ಷೆ) ಎನ್5 ಪಾಸು ಮಾಡಿದ್ದಳು; ಎನ್5 ಅತಿ ಕೆಳಗಿನ ಹಂತ, ಎನ್1 ಅತಿ ಮೇಲಿನದು. ದಸರಾ ರಜೆಯಲ್ಲಿ ಅಪ್ಪ ಮತ್ತು ಸೋದರಮಾವನ ಜೊತೆ ಬಂದಳು. ಮಾತು ಶುರು ಮಾಡಿದ್ದು ಮಾವ. "ಟೋಕಿಯೋದಲ್ಲಿ ಏಪ್ರಿಲ್‌ಗೆ ಸೀಟು ಆಗೋ ಹಾಗಿದೆ ಮೇಡಂ. ಕಾಲೇಜು ಬಿಡಿಸೋದೊಂದು ಬಾಕಿ. ಇವಳಿಗೆ ಸ್ವಲ್ಪ ಧೈರ್ಯ ಹೇಳಿ."

ಸೀಟು ಅಂದರೆ ಭಾಷಾ ಶಾಲೆಯ ಸೀಟು. ಒಬ್ಬ ಏಜೆಂಟ್ ಮಾತಾಡಿದ್ದಾನೆ. ಹನ್ನೆರಡು ವರ್ಷ ಓದಿದ್ದರೆ ಸಾಕು, ಡಿಗ್ರಿ ಬೇಕಿಲ್ಲ ಅಂದಿದ್ದಾನೆ. ಅದು ನಿಜವೇ. ಪಿಯುಸಿ ಮುಗಿಸಿ, ಎನ್5 ಪ್ರಮಾಣಪತ್ರ ಅಥವಾ 150 ಗಂಟೆ ಜಪಾನೀಸ್ ಕಲಿತ ದಾಖಲೆ ಇದ್ದರೆ ಅಲ್ಲಿನ ಭಾಷಾ ಶಾಲೆಗಳು ಅರ್ಜಿ ತೆಗೆದುಕೊಳ್ಳುತ್ತವೆ. ಅರ್ಧ ನಿಜ ಹೇಳುವವರ ಜೊತೆ ವ್ಯವಹರಿಸುವುದೇ ಕಷ್ಟ. ಸುಳ್ಳಾದರೆ ಹಿಡಿಯಬಹುದು.

ಮೂವರನ್ನೂ ಬೇರೆ ಬೇರೆ ಕೂರಿಸಿ ಮಾತಾಡಿಸಿದೆ. ವಿದೇಶದ ವಿಷಯಕ್ಕೆ ಬರುವ ಮನೆಗಳಲ್ಲಿ ಇದನ್ನು ಮಾಡಲೇಬೇಕು, ಇಲ್ಲದಿದ್ದರೆ ದೊಡ್ಡ ದನಿಯವರ ಆಸೆಯೇ ಎಲ್ಲರದ್ದು ಅಂತ ಕಾಣುತ್ತದೆ. ಮಾವನಿಗೆ ಬೇಕಿದ್ದದ್ದು ಅವಳು ಅಲ್ಲೇ ಕೆಲಸ ಹಿಡಿದು ನೆಲೆಸುವುದು. ಅಪ್ಪನಿಗೆ ಮಗಳು ಕ್ಷೇಮವಾಗಿರಬೇಕು, ತೋಟದ ಮೇಲೆ ಸಾಲ ಎತ್ತಿದರೆ ತೀರಬೇಕು. ಹುಡುಗಿ ಮೊದಲಿಗೆ "ಜಪಾನ್ ಅಂದ್ರೆ ಇಷ್ಟ, ಅನಿಮೆ ನೋಡ್ತೀನಿ" ಅಂದಳು. ಬರುವ ಅರ್ಧ ಮಕ್ಕಳೂ ಇದನ್ನೇ ಹೇಳುತ್ತಾರೆ. ಸುಮ್ನೆ ಕೂತೆ.

ಆಮೇಲೆ ಫೋನ್ ತೆಗೆದು ಒಂದು ಚಿತ್ರ ತೋರಿಸಿದಳು. ಎಡೊ ಕಾಲದ ಮರದಚ್ಚಿನ ಚಿತ್ರ, ಉಕಿಯೊ-ಎ. ಒಬ್ಬ ನಟ ಕಣ್ಣು ಕೆಕ್ಕರಿಸಿಕೊಂಡು ನಿಂತಿದ್ದಾನೆ, ಅವನ ತಲೆಯ ಮೇಲೆ ದಾರ ಬಿಚ್ಚಿದ ಹಾಗೆ ಹರಿಯುವ ಅಕ್ಷರ. ಅದು ಕುಜುಶಿಜಿ, ಹಳೆಯ ಮೋಡಿ ಬರಹ. ಈಗಿನ ಜಪಾನಿನ ಹೆಚ್ಚಿನವರಿಗೂ ಅದನ್ನು ಓದಲು ಬರುವುದಿಲ್ಲ. ಮೋಡಿ ಅಕ್ಷರವನ್ನು ಗುರುತಿಸಿ ಈಗಿನ ಲಿಪಿಯಲ್ಲಿ ತೋರಿಸುವ 'ಮಿವೊ' ಅನ್ನುವ ಆಪ್ ಅವಳ ಫೋನಿನಲ್ಲಿತ್ತು. ಕ್ಯೋಟೋದ ರಿತ್ಸುಮೇಕನ್ ವಿಶ್ವವಿದ್ಯಾಲಯದ ಚಿತ್ರ ಭಂಡಾರವನ್ನು ಆನ್‌ಲೈನ್‌ನಲ್ಲಿ ನೋಡುತ್ತಾಳಂತೆ. ಚೌಕಳಿ ನೋಟ್‌ಬುಕ್ಕಿನಲ್ಲಿ ಆ ಅಕ್ಷರಗಳನ್ನು ಪೆನ್ಸಿಲ್‌ನಲ್ಲಿ ನಕಲು ಮಾಡಿದ್ದಳು. ಪುಟದ ಅಂಚಿನಲ್ಲಿ ಕಾಸ್ಟ್ ಅಕೌಂಟಿಂಗ್ ಲೆಕ್ಕ. "ಇದನ್ನ ಯಾರ ಸಹಾಯವೂ ಇಲ್ಲದೆ ಓದಬೇಕು" ಅಂದಳು. ಮನೆಯಲ್ಲಿ ಯಾರಿಗೂ ಇದನ್ನು ಹೇಳಿರಲಿಲ್ಲ.

ಇಲ್ಲಿಂದ ಪ್ರಕರಣ ಬೇರೆಯಾಯಿತು. ಈ ಹುಡುಗಿಗೆ ಏಜೆಂಟ್ ಹೇಳಿದ ಶಾಲೆ ಅವಳು ಅಂದುಕೊಂಡಿದ್ದನ್ನು ಕಲಿಸುವುದಿಲ್ಲ. ಅಲ್ಲಿ ಸಾಮಾನ್ಯವಾಗಿ ದಿನಕ್ಕೆ ಅರ್ಧ ದಿನ ಪಾಠ. ಗುರಿ ಜೆಎಲ್‌ಪಿಟಿ, ಇಜೆಯು (ವಿದೇಶಿ ವಿದ್ಯಾರ್ಥಿಗಳ ವಿಶ್ವವಿದ್ಯಾಲಯ ಪ್ರವೇಶ ಪರೀಕ್ಷೆ), ಮುಂದಿನ ಕಾಲೇಜು ಪ್ರವೇಶ. ಸಂಸ್ಕೃತಿ ಅಂದರೆ ವರ್ಷಕ್ಕೊಂದೆರಡು ಪ್ರವಾಸ, ಒಮ್ಮೆ ಯುಕಾತ ಉಟ್ಟು ಫೋಟೋ. ಭಾಷೆ ಗಟ್ಟಿ ಮಾಡಿಕೊಳ್ಳಲು ಒಳ್ಳೆಯ ಜಾಗವೇ, ಅದರಲ್ಲಿ ತಪ್ಪೇನಿಲ್ಲ. ಆದರೆ ಅದಕ್ಕೆ ಹೋಗುವುದೇ ಆದರೆ ಅದು ಮೊದಲ ಮೆಟ್ಟಿಲು ಅಂತ ತಿಳಿದು ಹೋಗಬೇಕು.

ಮಾವ ಇನ್ನೊಂದು ಕಾಗದ ತಂದಿದ್ದರು. ಜಪಾನ್ ಸರ್ಕಾರದ ಮೆಕ್ಸ್ಟ್ ವಿದ್ಯಾರ್ಥಿವೇತನ. ಅದರಲ್ಲಿ ಜಪಾನೀಸ್ ಭಾಷೆ-ಸಂಸ್ಕೃತಿ ಓದುವವರಿಗೆ ಒಂದು ವರ್ಷದ ಕೋರ್ಸ್ ಇದೆ. ತಿಂಗಳಿಗೆ 117,000 ಯೆನ್, ಫೀಸಿಲ್ಲ, ವಿಮಾನದ ಟಿಕೆಟ್ಟೂ ಅವರದೇ. "ಇದಕ್ಕೆ ಅರ್ಜಿ ಹಾಕಿಸಬಹುದು ಅಲ್ವಾ?" ಅಂದರು. ನಿಯಮ ಓದಿ ತೋರಿಸಿದೆ. ಅದು ತಮ್ಮ ದೇಶದ ವಿಶ್ವವಿದ್ಯಾಲಯದಲ್ಲಿ ಜಪಾನೀಸ್ ಭಾಷೆ ಅಥವಾ ಸಂಸ್ಕೃತಿಯನ್ನೇ ಮುಖ್ಯ ವಿಷಯವಾಗಿ ಓದುತ್ತಿರುವ ಪದವಿ ವಿದ್ಯಾರ್ಥಿಗಳಿಗೆ. ವರ್ಷ ಮುಗಿದ ಮೇಲೆ ಅದೇ ಕೋರ್ಸಿಗೆ ವಾಪಸ್ ಬರಬೇಕು. ಬಿ.ಕಾಂ. ಹುಡುಗಿಗೆ ಬಾಗಿಲೇ ಇಲ್ಲ. ಅರ್ಜಿ ರಾಯಭಾರ ಕಚೇರಿ ಅಥವಾ ವಿಶ್ವವಿದ್ಯಾಲಯದ ಮೂಲಕ ಹೋಗುತ್ತದೆ, ಏಜೆಂಟ್‌ಗೆ ಅಲ್ಲಿ ಕೆಲಸವಿಲ್ಲ. ಮೆಕ್ಸ್ಟ್ ಕೊಡಿಸ್ತೀನಿ ಅಂತ ಯಾರಾದರೂ ದುಡ್ಡು ಕೇಳಿದರೆ ಎದ್ದು ಬನ್ನಿ.

ಆ ಬಾಗಿಲು ಬೇಕೇ ಬೇಕು ಅಂದರೆ ಇಲ್ಲಿ ಕೋರ್ಸ್ ಬದಲಿಸಬೇಕು. ದೆಹಲಿಯ ಜೆಎನ್‌ಯು, ಶಾಂತಿನಿಕೇತನದ ವಿಶ್ವಭಾರತಿ, ಪುಣೆಯ ತಿಲಕ್ ಮಹಾರಾಷ್ಟ್ರ ವಿದ್ಯಾಪೀಠದಲ್ಲಿ ಜಪಾನೀಸ್‌ನಲ್ಲೇ ಬಿ.ಎ. ಇದೆ. ನನಗೆ ಅವಳ ಮಟ್ಟಿಗೆ ಇದೇ ಸರಿ ಅನಿಸಿತ್ತು, ಬಾಯಿಬಿಟ್ಟು ಹೇಳಿದೆ ಕೂಡ. ಅಪ್ಪ ಕಕ್ಕಾಬಿಕ್ಕಿಯಾದರು. "ಜಪಾನಿಗೆ ಹೋಗೋಕೆ ಬಂಗಾಳಕ್ಕೆ ಹೋಗಬೇಕಾ?" ಹುಡುಗಿಗೂ ಎರಡು ವರ್ಷದ ಓದು ಬಿಟ್ಟು ಮತ್ತೆ ಮೊದಲನೇ ವರ್ಷಕ್ಕೆ ಕೂರುವ ಮನಸ್ಸಿರಲಿಲ್ಲ. ಒತ್ತಾಯ ಮಾಡಲಿಲ್ಲ. ಸಲಹೆ ನಮ್ಮದು, ವರ್ಷ ಅವರದು.

ಆದರೆ ಒಂದು ವಿಷಯಕ್ಕೆ ಮಾತ್ರ ನಾನು ಪಟ್ಟು ಬಿಡಲಿಲ್ಲ. ಬಿ.ಕಾಂ. ಮಧ್ಯದಲ್ಲಿ ಬಿಟ್ಟು ಹೋಗಬಾರದು. ಮಾವನಿಗೆ ಇದನ್ನು ಅವರ ಲೆಕ್ಕದಲ್ಲೇ ಹೇಳಿದೆ. ಅವರು ಹೇಳುವ ಆಫೀಸ್ ಕೆಲಸಕ್ಕೆ ಜಪಾನಿನಲ್ಲಿ ವೀಸಾ ಸಿಗಬೇಕಾದರೆ ಸಾಮಾನ್ಯವಾಗಿ ಒಂದು ಡಿಗ್ರಿ ಬೇಕು, ಇಲ್ಲವೇ ಅಲ್ಲಿನ ವೃತ್ತಿಪರ ಕಾಲೇಜಿನ ಡಿಪ್ಲೊಮಾ. ಭಾಷಾ ಶಾಲೆಯ ಸರ್ಟಿಫಿಕೇಟ್ ಒಂದೇ ಇದ್ದರೆ ಆಗಲ್ಲ. ಈಗ ಹೋದರೆ ಎರಡು ವರ್ಷ ಭಾಷೆ, ಆಮೇಲೆ ಇನ್ನೆರಡು ವರ್ಷ ಫೀಸು ಕಟ್ಟಿ ವೃತ್ತಿಪರ ಕಾಲೇಜು. ಡಿಗ್ರಿ ಮುಗಿಸಿ ಹೋದರೆ ಆ ಎರಡನೇ ಖರ್ಚಿನ ಅಗತ್ಯವೇ ಬೀಳದಿರಬಹುದು. ಮಾವ ಗಡ್ಡ ಕೆರೆದುಕೊಂಡರು. ಏಜೆಂಟ್ ಇದನ್ನು ಹೇಳಿರಲಿಲ್ಲ.

ಏಜೆಂಟ್ ಕಳಿಸಿದ್ದ ಕೊಟೇಶನ್ ನೋಡಿದೆ. ಮೊದಲ ವರ್ಷದ ಪೂರ್ತಿ ಫೀಸನ್ನು ಈಗಲೇ ಕೇಳಿದ್ದ. ರೂಢಿ ಹಾಗಲ್ಲ. ಅರ್ಜಿ ಹಾಕುವಾಗ ಶಾಲೆಗೆ ಕೊಡುವುದು ಆಯ್ಕೆ ಶುಲ್ಕ, ಸಾಮಾನ್ಯವಾಗಿ 20,000 ರಿಂದ 30,000 ಯೆನ್. ಮೊದಲ ವರ್ಷದ ಫೀಸು ಸುಮಾರು 7 ರಿಂದ 9 ಲಕ್ಷ ಯೆನ್ ಆಗುತ್ತದೆ. ಅದನ್ನು ಕಟ್ಟುವುದು ವಲಸೆ ಇಲಾಖೆಯಿಂದ ಸಿಒಇ, ಅಂದರೆ ವೀಸಾಕ್ಕೆ ಬೇಕಾದ ಅರ್ಹತಾ ಪತ್ರ, ಮಂಜೂರಾದ ಮೇಲೆ, ನೇರ ಶಾಲೆಯ ಖಾತೆಗೆ. ಕೊಟೇಶನ್ನಿನ ಕೊನೆಯ ಸಾಲು ಇನ್ನೂ ಕೆಟ್ಟದಿತ್ತು: 'ಬ್ಯಾಂಕ್ ಬ್ಯಾಲೆನ್ಸ್ ವ್ಯವಸ್ಥೆ'. ಅಂದರೆ ಖರ್ಚು ಭರಿಸುವ ಶಕ್ತಿ ಮನೆಯವರಿಗಿದೆ ಅಂತ ತೋರಿಸಲು ಯಾರದೋ ದುಡ್ಡನ್ನು ಕೆಲವು ದಿನ ಅಪ್ಪನ ಖಾತೆಯಲ್ಲಿ ಇಡುವುದು. ವಲಸೆ ಇಲಾಖೆಯವರು ಕೇಳುವುದು ಬ್ಯಾಲೆನ್ಸ್ ಒಂದೇ ಅಲ್ಲ, ಆ ಹಣ ಹೇಗೆ ಕೂಡಿತು ಅಂತಲೂ ಕೇಳಬಹುದು. ಸುಳ್ಳು ದಾಖಲೆ ಸಿಕ್ಕಿಬಿದ್ದು ಒಮ್ಮೆ ತಿರಸ್ಕಾರವಾದರೆ ಮುಂದಿನ ಅರ್ಜಿಗೂ ಅದೇ ಅಡ್ಡ ಬರುತ್ತದೆ.

ಆದಾಯದ ದಾಖಲೆಯ ಬಗ್ಗೆ ಅಪ್ಪನಿಗಿದ್ದ ಅಳುಕು ನ್ಯಾಯವಾದದ್ದೇ. ಕೃಷಿ ಆದಾಯಕ್ಕೆ ಆದಾಯ ತೆರಿಗೆ ಇಲ್ಲ, ಹಾಗಾಗಿ ಐಟಿ ರಿಟರ್ನ್ ಹಾಕಿದವರಲ್ಲ. ತೋಟ ಇದೆ, ಕಾಗದದ ಮೇಲೆ ಆದಾಯ ಇಲ್ಲ. ಇದಕ್ಕೆ ಅಡ್ಡದಾರಿ ಬೇಕಿಲ್ಲ. ನಾಡಕಚೇರಿಯ ಆದಾಯ ಪ್ರಮಾಣಪತ್ರ, ಪಹಣಿ, ಅಡಿಕೆ ಸೊಸೈಟಿಯ ಮಾರಾಟದ ಬಿಲ್ಲುಗಳು, ಆ ದುಡ್ಡು ಖಾತೆಗೆ ಬಿದ್ದ ಪಾಸ್‌ಬುಕ್ ಪುಟಗಳು. ಇವು ಒಂದಕ್ಕೊಂದು ತಾಳೆಯಾಗಬೇಕು. ಇವತ್ತಿನಿಂದ ಅಡಿಕೆ ದುಡ್ಡನ್ನು ಕೈಗೆ ನಗದಾಗಿ ತಗೋಬೇಡಿ, ಖಾತೆಗೇ ಹಾಕಿಸಿ ಅಂತ ಹೇಳಿದೆ. ಎಲ್ಲದಕ್ಕೂ ಜಪಾನೀಸ್ ಅನುವಾದ ಬೇಕಾಗುತ್ತದೆ. ಪಹಣಿಯನ್ನು ಅನುವಾದಿಸುವವರ ಪಾಡು ದೇವರೇ ಬಲ್ಲ.

ಪಾರ್ಟ್ ಟೈಮ್ ದುಡಿದು ಫೀಸು ಕಟ್ಟಬಹುದು ಅನ್ನುವ ಮಾತನ್ನೂ ಲೆಕ್ಕ ಹಾಕಿದೆವು. ಅನುಮತಿ ಪಡೆದ ವಿದ್ಯಾರ್ಥಿಗೆ ವಾರಕ್ಕೆ 28 ಗಂಟೆ ಮಿತಿ. ಆಗ ಗಂಟೆಗೆ 1,100 ಯೆನ್ ಅಂತ ಇಟ್ಟುಕೊಂಡು ನೋಡಿದರೂ ನಾಲ್ಕು ವಾರಕ್ಕೆ ಬರುತ್ತಿದ್ದದ್ದು 123,200 ಯೆನ್, ಅದೂ ಒಂದು ಗಂಟೆಯನ್ನೂ ಬಿಡದೆ ದುಡಿದರೆ. ಬಾಡಿಗೆ, ಊಟ, ರೈಲು, ಆರೋಗ್ಯ ವಿಮೆ ಅದರಲ್ಲೇ. ಎನ್5 ಭಾಷೆಗೆ ಸಿಗುವುದು ಹೆಚ್ಚಾಗಿ ರಾತ್ರಿ ಪ್ಯಾಕಿಂಗ್ ಕೆಲಸ. ಬೆಳಗ್ಗೆ ಕ್ಲಾಸಿನಲ್ಲಿ ನಿದ್ದೆ, ಹಾಜರಾತಿ ಕುಸಿತ, ಕೊನೆಗೆ ವೀಸಾ ವಿಸ್ತರಣೆಗೇ ಕುತ್ತು. ಎನ್3 ಇದ್ದರೆ ಅಂಗಡಿ, ಹೋಟೆಲ್ ಕೌಂಟರ್ ಕೆಲಸ ಸಿಗುವ ಸಾಧ್ಯತೆ ಜಾಸ್ತಿ, ಮಾತೂ ಸುಧಾರಿಸುತ್ತದೆ. ಆದ್ದರಿಂದ ಹೊರಡುವ ಮುಂಚೆ ಎನ್4, ಸಾಧ್ಯವಾದರೆ ಎನ್3. ಪರೀಕ್ಷೆ ಜುಲೈ ಮತ್ತು ಡಿಸೆಂಬರ್‌ನಲ್ಲಿ, ಬೆಂಗಳೂರಿನಲ್ಲೇ ನಡೆಯುತ್ತದೆ.

ಕೊನೆಗೆ ನಿಂತ ಯೋಜನೆ ಹೀಗೆ. ಏಪ್ರಿಲ್ ಬೇಡ. ಡಿಗ್ರಿ ಮುಗಿಯುವ ವರ್ಷದ ಅಕ್ಟೋಬರ್ ಬ್ಯಾಚ್, ಒಂದೂವರೆ ವರ್ಷದ ಕೋರ್ಸ್. ಟೋಕಿಯೋ ಬದಲು ಕ್ಯೋಟೋ, ಅಲ್ಲಿ ಅವಳಿಗೆ ಬೇಕಾದ್ದು ಕಣ್ಣೆದುರೇ ಇರುತ್ತದೆ. ಭಾಷೆ ಎನ್1 ಹತ್ತಿರ ಬಂದ ಮೇಲೆ ವಿಶ್ವವಿದ್ಯಾಲಯದ ಪ್ರಾಧ್ಯಾಪಕರೊಬ್ಬರಿಗೆ ಬರೆದು ಸಂಶೋಧನಾ ವಿದ್ಯಾರ್ಥಿಯಾಗಿ ಸೇರಲು ನೋಡುವುದು. ಆಗದಿದ್ದರೆ ಬಿ.ಕಾಂ. ಜೊತೆಗೆ ಜಪಾನೀಸ್ ಬರುವವಳಿಗೆ ಅಲ್ಲೋ ಇಲ್ಲೋ ಕೆಲಸ ಸಿಗದೆ ಹೋಗುವುದಿಲ್ಲ. ಬಿಡದಿಯಲ್ಲಿ ಟೊಯೋಟ ಇದೆ, ಅದರ ಸುತ್ತ ಇನ್ನೂ ಕಂಪನಿಗಳಿವೆ ಅಂದಾಗ ಅಪ್ಪನ ಮುಖ ಸ್ವಲ್ಪ ಸಡಿಲವಾಯಿತು.

ಅರ್ಜಿಯಲ್ಲಿ ಅತಿ ಹೆಚ್ಚು ತಿದ್ದಿದ್ದು 'ಓದಲು ಕಾರಣ' ಬರೆಯುವ ಪತ್ರವನ್ನು. ಏಜೆಂಟ್ ಕೊಟ್ಟ ನಮೂನೆಯಲ್ಲಿ 'ಬಾಲ್ಯದಿಂದಲೂ ಜಪಾನಿನ ಶ್ರೀಮಂತ ಸಂಸ್ಕೃತಿಯ ಬಗ್ಗೆ ಆಸಕ್ತಿ' ಅಂತಿತ್ತು. ಅದನ್ನು ಕಿತ್ತೆಸೆದೆವು. ಓದುವವರಿಗೆ ನಾಲ್ಕೇ ಅನುಮಾನ: ವಾಣಿಜ್ಯ ಓದಿದವಳಿಗೆ ಇದು ಯಾಕೆ, ಭಾರತದಲ್ಲೇ ಯಾಕಾಗದು, ಈ ಶಾಲೆಯೇ ಯಾಕೆ, ಮುಗಿದ ಮೇಲೆ ಏನು. ಅವಳು ಆ ನಟನ ಚಿತ್ರದಿಂದ ಶುರು ಮಾಡಿದಳು. ಮೋಡಿ ಬರಹ ಭಾಷಾ ಶಾಲೆಯಲ್ಲಿ ಕಲಿಸುವುದಿಲ್ಲ ಅಂತ ಗೊತ್ತು, ಅದಕ್ಕೆ ಮೊದಲು ಈಗಿನ ಭಾಷೆ ಗಟ್ಟಿಯಾಗಬೇಕು, ಅದಕ್ಕಾಗಿ ಬರುತ್ತಿದ್ದೇನೆ ಅಂತ ನೇರವಾಗಿ ಬರೆದಳು. ಶಾಲೆಯವರು ಆನ್‌ಲೈನ್ ಸಂದರ್ಶನದಲ್ಲಿ ಬೇರೆ ಯಾವುದನ್ನೂ ಅಷ್ಟಾಗಿ ಕೇಳಲಿಲ್ಲವಂತೆ, ಆ ಚಿತ್ರದ ಬಗ್ಗೆಯೇ ಮಾತಂತೆ.

ಎನ್4 ಆಯಿತು. ಎನ್3 ಒಮ್ಮೆ ಕೈತಪ್ಪಿತು, ಮತ್ತೆ ಬರೆದಿದ್ದಾಳೆ. ಅರ್ಜಿ ಏಪ್ರಿಲ್‌ನಲ್ಲಿ ಹೋಯಿತು, ಸಿಒಇ ಬರುವುದು ಆಗಸ್ಟ್ ಕೊನೆಯ ಹೊತ್ತಿಗೆ. ಮಾವ ಆಗಲೇ ವಿಮಾನದ ದರ ನೋಡುತ್ತಿದ್ದಾರೆ. ಪತ್ರ ಕೈಗೆ ಬಂದು ವೀಸಾ ಆಗುವವರೆಗೆ ಟಿಕೆಟ್ ಮಾಡಬೇಡಿ ಅಂತ ಅಪ್ಪನಿಗೆ ಹೇಳಿದ್ದೇನೆ.