ನೇರಳೆ ರಸದ ಸೋಲಾರ್ ಸೆಲ್: ವೋಲ್ಟ್ ಬಂತು, ದೀಪ ಹತ್ತಲಿಲ್ಲ

ಪ್ರಶ್ನೆ: ಪಿಯು ಕಾಲೇಜಿನ ವಿಜ್ಞಾನ ಮೇಳಕ್ಕೆ ನೇರಳೆ ಹಣ್ಣಿನ ರಸದಿಂದ ಸೋಲಾರ್ ಸೆಲ್ ಮಾಡಿದ್ದೇವೆ. ಮೀಟರ್ 0.4 ವೋಲ್ಟ್ ತೋರಿಸುತ್ತದೆ, ಎಲ್‌ಇಡಿ ಹತ್ತುವುದಿಲ್ಲ. ಅರ್ಧ ದಿನ ಬಿಸಿಲಿಗಿಟ್ಟರೆ ಆ 0.4 ಕೂಡ ಇರುವುದಿಲ್ಲ. ರಸ ಇನ್ನೂ ಗಟ್ಟಿ ಮಾಡಬೇಕೆ?
– ವಿದ್ಯಾರ್ಥಿನಿಯರು, ಕಲಬುರಗಿ

ಉತ್ತರ: ಬೇಡ. ಈ ಸೆಲ್‌ನಲ್ಲಿ ಒಂದು ಗಾಜಿನ ಮೇಲೆ ಟೈಟಾನಿಯಂ ಡೈಆಕ್ಸೈಡ್ ಎಂಬ ಬಿಳಿ ಪುಡಿಯ ಪದರ, ಅದಕ್ಕೆ ಹಿಡಿಸಿದ ಹಣ್ಣಿನ ಬಣ್ಣ, ಅದಕ್ಕೂ ಎರಡನೇ ಗಾಜಿಗೂ ನಡುವೆ ಅಯೋಡಿನ್ ದ್ರಾವಣ ಇರುತ್ತದೆ. ಹಣ್ಣಿನ ಬಣ್ಣದ ಒಂದು ಸೆಲ್ ಕೊಡುವುದೇ ಅಷ್ಟು. ಕೆಂಪು ಎಲ್‌ಇಡಿಗೆ ಸುಮಾರು 1.8 ವೋಲ್ಟ್ ಬೇಕು. ಲೋಡ್ ಬಿದ್ದರೆ ವೋಲ್ಟೇಜ್ ಇಳಿಯುವುದರಿಂದ ಆರೇಳು ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿ. ಮೇಳಕ್ಕೆ 1.5 ವೋಲ್ಟಿನ ಕ್ಯಾಲ್ಕುಲೇಟರೇ ವಾಸಿ. ಅದಕ್ಕೆ ಕೆಲವೇ ಮೈಕ್ರೊಆಂಪ್ ಸಾಕು, ನಾಲ್ಕೈದು ಸೆಲ್‌ನಲ್ಲಿ ಓಡುತ್ತದೆ.

ಬಿಸಿಲಲ್ಲಿ ಸಾಯಲು ಮೊದಲ ಕಾರಣ ಅಯೋಡಿನ್ ದ್ರಾವಣ. ಮೆಡಿಕಲ್ ಶಾಪಿನ ಟಿಂಕ್ಚರ್ ಹಾಕಿದ್ದರೆ ಅದರ ಸ್ಪಿರಿಟ್, ನೀರು ನಿಮ್ಮೂರ ಬಿಸಿಲಿಗೆ ಬೇಗನೆ ಆರುತ್ತವೆ. ಬದಲಿಗೆ 10 ಮಿ.ಲೀ. ಎಥಿಲೀನ್ ಗ್ಲೈಕಾಲ್‌ನಲ್ಲಿ 0.83 ಗ್ರಾಂ ಪೊಟ್ಯಾಸಿಯಂ ಅಯೋಡೈಡ್, 0.13 ಗ್ರಾಂ ಅಯೋಡಿನ್ ಕರಗಿಸಿ. ಗ್ಲೈಕಾಲ್ ವಿಷ, ಗ್ಲೌಸ್ ಹಾಕಿಕೊಳ್ಳಿ. ಎರಡು ಗಾಜುಗಳ ನಡುವೆ ಎರಡು ಹನಿ ಸಾಕು. ಅಂಚಿಗೆ ಬಂದದ್ದನ್ನು ಒರೆಸದಿದ್ದರೆ ಕ್ಲಿಪ್ಪಿನ ಲೋಹವನ್ನು ತಿನ್ನುತ್ತದೆ. ಎರಡನೆಯ ಕಾರಣ ನೇರಳಾತೀತ ಕಿರಣ: ಅದು ಬಿದ್ದಾಗ ಟೈಟಾನಿಯಂ ಡೈಆಕ್ಸೈಡ್ ತಾನೇ ಹೀರಿಕೊಂಡ ಬಣ್ಣವನ್ನು ಕೆಡಿಸುತ್ತದೆ. ತೋರಿಸುವಾಗ ಮಾತ್ರ ಬಿಸಿಲಿಗಿಡಿ.

ಬಣ್ಣ ಹಿಡಿದಿದೆಯೇ ಎಂದು ಗಾಜಿನ ಹಿಂಬದಿಯಿಂದ ನೋಡಿ. ಬಿಳಿ ಕಂಡರೆ ಮತ್ತೆ ರಸಕ್ಕಿಳಿಸಿ. ಬೋರ್‌ವೆಲ್‌ನ ಸವಳು ನೀರಲ್ಲಿ ತೊಳೆದಿರೋ, ನೇರಳೆ ಬಣ್ಣ ನೀಲಿಗೆ ತಿರುಗಿ ಹಿಡಿತ ಬಿಡುತ್ತದೆ. ಡಿಸ್ಟಿಲ್ಡ್ ವಾಟರ್, ಆಮೇಲೆ ಸ್ಪಿರಿಟ್, ಕೊನೆಗೆ ಪೂರ್ತಿ ಒಣಗಿಸುವುದು. ಪದರವನ್ನು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅರ್ಧ ಗಂಟೆ ಕಾಯಿಸುವುದು ರಸಕ್ಕೆ ಅದ್ದುವ ಮೊದಲೇ ಆಗಬೇಕು. ಕಾಯ್ದ ಗಾಜು ಕೈಗೆ ಬೆಚ್ಚಗೆನಿಸುವಷ್ಟು ತಣಿದ ಮೇಲೆ ಅದ್ದಿ, ಇಲ್ಲದಿದ್ದರೆ ಬಿರಿಯುತ್ತದೆ.

ಪ್ರಶ್ನೆ: ನೇರಳೆ ಕಾಲ ಮುಗಿದ ಮೇಲೆ ಏನು? ಸ್ಟ್ರಾಬೆರಿಯೂ ಕೆಂಪೇ ಅಲ್ಲವೆ?
– ಶಿಕ್ಷಕರು, ಬೀದರ್

ಉತ್ತರ: ಕೆಂಪಾದರೆ ಸಾಲದು, ಅಂಟಬೇಕು. ಬಣ್ಣದ ಅಣುವಿನಲ್ಲಿ ಅಕ್ಕಪಕ್ಕ ಎರಡು ಹೈಡ್ರಾಕ್ಸಿಲ್ (OH) ಗುಂಪು ಇದ್ದರೆ ಟೈಟಾನಿಯಂ ಅನ್ನು ಬಿಗಿಯಾಗಿ ಹಿಡಿಯುತ್ತವೆ. ಸ್ಟ್ರಾಬೆರಿಯ ಮುಖ್ಯ ಬಣ್ಣದಲ್ಲಿ ಆ ಜೋಡಿ ಇಲ್ಲ. ದಾಳಿಂಬೆ ತೆಗೆದುಕೊಳ್ಳಿ. ಪಾಪಾಸುಕಳ್ಳಿಯ ಕೆಂಪು ಹಣ್ಣೂ ಆದೀತು. ಅದರ ಬಣ್ಣ ಬೇರೆ ಜಾತಿಯದು, ಕಾರ್ಬಾಕ್ಸಿಲ್ (COOH) ಗುಂಪಿನಿಂದ ಅಂಟುತ್ತದೆ. ಮುಳ್ಳು ಸುಟ್ಟು ತೆಗೆಯಿರಿ.

ಪ್ರಶ್ನೆ: ಇದನ್ನೇ ಮನೆ ಮಾಳಿಗೆಗೆ ಹಾಕಬಹುದೆ?
– ಓದುಗರು, ಯಾದಗಿರಿ

ಉತ್ತರ: ಆಗದು. ಹಣ್ಣಿನ ಸೆಲ್‌ಗಳ ದಕ್ಷತೆ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ, ಮಾಳಿಗೆಯ ಸಿಲಿಕಾನ್ ಪ್ಯಾನೆಲ್‌ನದು ಶೇ. 20ರ ಆಸುಪಾಸು. 1991ರಲ್ಲಿ ವಿಜ್ಞಾನಿಗಳಾದ ಓರೀಗನ್ ಮತ್ತು ಗ್ರೆಟ್ಸೆಲ್ ಇಂಥದೇ ಸೆಲ್‌ನಲ್ಲಿ ತೋರಿಸಿದ ಸುಮಾರು ಶೇ. 7 ದಕ್ಷತೆ ರುಥೇನಿಯಂ ಎಂಬ ಲೋಹವಿರುವ ಬಣ್ಣದ್ದು, ಹಣ್ಣಿನದಲ್ಲ.