ಕಾಲ್ಯಾರಿಯಲ್ಲಿ ಬೀಚು, ಊರು ಸುತ್ತಾಟ ಎರಡೂ ಆಗುತ್ತಾ?

ಖಂಡಿತ ಆಗುತ್ತದೆ. ಇಟಲಿಯ ಸಾರ್ಡೀನಿಯಾ ದ್ವೀಪದ ಈ ರಾಜಧಾನಿಯಲ್ಲಿ ಬೀಚಿಗೆ ಅಂತ ಕಾರು ಬಾಡಿಗೆಗೆ ಹಿಡಿಯಬೇಕಿಲ್ಲ. ಪೊಯೆಟ್ಟೊ ಬೀಚ್ ಸುಮಾರು 8 ಕಿಲೋಮೀಟರ್ ಉದ್ದವಿದೆ, ಊರೊಳಗಿಂದ ಸಿಟಿ ಬಸ್ಸಲ್ಲೇ ಹೋಗಬಹುದು. ಅದರ ಹಿಂದೆಯೇ ಮೊಲೆಂಟಾರ್ಜಿಯುಸ್ ಅನ್ನುವ ಹಳೇ ಉಪ್ಪಿನ ಗದ್ದೆಗಳ ಜೌಗು ಪ್ರದೇಶ ಇದೆ, ಅಲ್ಲಿ ಫ್ಲೆಮಿಂಗೊಗಳು ಗೂಡು ಕಟ್ಟಿ ಮರಿ ಮಾಡುತ್ತವೆ, ದಯವಿಟ್ಟು ಅದನ್ನು ಬಿಡಬೇಡಿ. ಇಷ್ಟು ದೊಡ್ಡ ಊರಿನ ಪಕ್ಕದಲ್ಲೇ ಇಂಥ ಜಾಗ ಸಿಗೋದು ಅಪರೂಪ ಅಲ್ವಾ?

ಬೆಳಿಗ್ಗೆ ಬಿಸಿಲೇರುವ ಮೊದಲು ಗುಡ್ಡದ ಮೇಲಿನ ಕಾಸ್ತೆಲ್ಲೊ ಹತ್ತಿ. ಅದೇ ಹಳೇ ಕೋಟೆ ಪೇಟೆ. ಇಟಲಿಯ ಪಿಸಾ ನಗರದವರ ಆಳ್ವಿಕೆಯಲ್ಲಿ 1307ರಲ್ಲಿ ಕಟ್ಟಿದ ಆನೆ ಗೋಪುರ ಅಲ್ಲಿದೆ, ಗೋಡೆಯಲ್ಲಿ ಪುಟ್ಟ ಕಲ್ಲಿನ ಆನೆಯೂ ಇದೆ. ಮೇಲ್ಗಡೆ ಇರುವ ಪುರಾತತ್ವ ಮ್ಯೂಸಿಯಂಗೆ ಜಾಸ್ತಿ ಸಮಯ ಇಡಿ, ಸಾವಿರಾರು ವರ್ಷ ಹಿಂದೆ ಈ ದ್ವೀಪದಲ್ಲಿ ಬಾಳಿದ ನುರಾಗೆ ಜನರ ಕಂಚಿನ ಗೊಂಬೆಗಳು ಬೇರೆಲ್ಲೂ ಇಷ್ಟು ಚೆನ್ನಾಗಿ ನೋಡಲು ಸಿಗಲ್ಲ.

ಆಗಸ್ಟ್ ಬೇಡ. ಇಟಲಿಯವರಿಗೆಲ್ಲ ಆಗ ರಜೆ, ಬೀಚಲ್ಲಿ ಕಾಲಿಡಲು ಜಾಗ ಇರಲ್ಲ, ರೂಮಿನ ಬಾಡಿಗೆಯೂ ಏರುತ್ತದೆ. ಸೆಪ್ಟೆಂಬರ್ ಒಳ್ಳೇದು, ಸಮುದ್ರದ ನೀರು ಆಗಲೂ ಬೆಚ್ಚಗಿರುತ್ತದೆ.