ಓದುಗರ ಪ್ರಶ್ನೆ: ಕಣ್ಣು ಕಾಣದ ಮಗುವಿಗೆ ಹಾರ್ಮೋನಿಯಂ ಕಲಿಸುವುದು ಹೇಗೆ?

ಪ್ರಶ್ನೆ: ಮಗನಿಗೆ ಒಂಬತ್ತು ವರ್ಷ, ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ವಚನ, ಭಜನೆ ಒಮ್ಮೆ ಕೇಳಿದರೆ ಸಾಕು, ಹಾಗೇ ಹಾಡುತ್ತಾನೆ. ಕಣ್ಣಿಲ್ಲದವರಿಗೆ ಕಿವಿ ಚುರುಕು ಎನ್ನುವುದು ನಿಜವೇ? ಮನೆಯಲ್ಲಿ ಹಾರ್ಮೋನಿಯಂ ಇದೆ, ಹೇಗೆ ಶುರು ಮಾಡಿಸಲಿ?
– ಓದುಗರೊಬ್ಬರು, ವಿನೋಬನಗರ, ದಾವಣಗೆರೆ

ಉತ್ತರ: ಅರ್ಧ ನಿಜ. ವ್ಯತ್ಯಾಸ ಕಿವಿಯಲ್ಲಿಲ್ಲ, ಮಿದುಳಿನಲ್ಲಿದೆ. ಎಳವೆಯಲ್ಲೇ ದೃಷ್ಟಿ ಹೋದವರಲ್ಲಿ, ನೋಟಕ್ಕೆಂದಿದ್ದ ಭಾಗವೂ ಸದ್ದಿನ ಕೆಲಸಕ್ಕೆ ಒದಗುತ್ತದೆ. ಸ್ವರ ಏರಿತೋ ಇಳಿಯಿತೋ ಎಂಬುದನ್ನು ಅಂಥವರು ಉಳಿದವರಿಗಿಂತ ಚೆನ್ನಾಗಿ ಹೇಳಿದ್ದನ್ನು ಕೆನಡಾದ ಸಂಶೋಧಕರು 2004ರಲ್ಲಿ ಪ್ರಕಟಿಸಿದರು. ದೊಡ್ಡವರಾದ ಮೇಲೆ ದೃಷ್ಟಿ ಕಳೆದುಕೊಂಡವರಲ್ಲಿ ಆ ಮೇಲುಗೈ ಕಾಣಲಿಲ್ಲ. ಹಾಗೆಂದು ದೇವರು ಕೊಟ್ಟ ವರ ಎಂದು ಹೊಗಳಿ ಸಾಧನೆ ಸಡಿಲ ಬಿಡಬೇಡಿ.

ಹಾರ್ಮೋನಿಯಂನ ಕರಿ ಮನೆಗಳು, ಅಂದರೆ ಬೆರಳಲ್ಲಿ ಒತ್ತುವ ಕರಿ ಪಟ್ಟಿಗಳು, ಎರಡು, ಮೂರು, ಮತ್ತೆ ಎರಡು, ಮೂರು ಎಂದು ಗುಂಪಾಗಿವೆ. ಮೊದಲು ಬಲಗೈ ಬೆರಳಲ್ಲಿ ಈ ಗುಂಪುಗಳನ್ನು ತಡವಿ ಗುರುತಿಸಲಿ, ತಿದಿ ಮುಟ್ಟುವುದು ಬೇಡ. ಬೆರಳಿಗೆ ಅತ್ಯಂತ ಸುಲಭವಾದ ಶ್ರುತಿ ಕರಿ ಒಂದು, ಅಂದರೆ ಎರಡರ ಜೋಡಿಯ ಮೊದಲ ಕರಿ ಮನೆಯನ್ನು ಸ ಎಂದುಕೊಳ್ಳುವುದು. ಜೋಡಿಯ ಎರಡು ಮನೆಗಳು ಸ, ರಿ. ಮೂರರ ಗುಂಪಿಗೆ ಎಡಕ್ಕೆ ಅಂಟಿಕೊಂಡ ಬಿಳಿ ಮನೆ ಗ. ಆ ಮೂರೂ ಮ, ಪ, ಧ. ಮುಂದಿನ ಜೋಡಿಗೆ ಎಡಕ್ಕೆ ಅಂಟಿದ ಬಿಳಿ ಮನೆ ನಿ, ಜೋಡಿಯ ಮೊದಲನೆಯದು ಮೇಲಿನ ಸ. ಐದು ಸ್ವರ ಉಬ್ಬಿದ ಮನೆಗಳ ಮೇಲೇ ಕೂರುವುದರಿಂದ ಬೆರಳು ದಾರಿ ತಪ್ಪುವುದು ಕಡಿಮೆ. ತಪ್ಪುವುದೆಲ್ಲ ಗ, ನಿಗಳಲ್ಲಿ. ಗುಂಪುಗಳ ನಡುವೆ ಎರಡೆರಡು ಬಿಳಿ ಮನೆಗಳಿವೆ. ಎಡಗಡೆಯದನ್ನು ಒತ್ತಿದರೆ ಕೋಮಲ ಸ್ವರ, ಅಂದರೆ ಒಂದು ಮನೆ ಇಳಿದ ಸ್ವರ ಬರುತ್ತದೆ. ಅವನ ಕಿವಿ ತಕ್ಷಣ ಹಿಡಿಯುತ್ತದೆ, ತಾನೇ ತಿದ್ದಿಕೊಳ್ಳಲು ಬಿಡಿ.

ಮಧ್ಯ ಸಪ್ತಕದ (ನಡುವಿನ ಸ ರಿ ಗ ಮ ಸಾಲಿನ) ಸ ಮೇಲೆ ಹಣೆಗೆ ಹಚ್ಚುವ ಸ್ಟಿಕ್ಕರ್ ಒಂದನ್ನು ಅಂಟಿಸಿ. ಎಲ್ಲ ಮನೆಗೂ ಅಂಟಿಸಿದರೆ ಬೆರಳು ಸ್ಟಿಕ್ಕರನ್ನೇ ಹುಡುಕುತ್ತದೆ, ಮನೆಗಳ ಅಂತರ ಕೈಗೆ ಹತ್ತುವುದೇ ಇಲ್ಲ.

ಬೆರಳು ಕುದುರಿದ ಮೇಲೆ ಎಡಗೈಗೆ ತಿದಿ. ಧಡಕ್ಕನೆ ನೂಕಿದರೆ ಸ್ವರ ಉಬ್ಬಿ ಕುಗ್ಗುತ್ತದೆ. ಸಣ್ಣಗೆ, ಒಂದೇ ಸಮ ಆಡಿಸಬೇಕು. ನಿತ್ಯ ಹತ್ತು ನಿಮಿಷ ತಂಬೂರಿ ಶ್ರುತಿ ಹಾಕಿ, ಮೊದಲು ಸ್ವರ ಹಾಡಿ ಆಮೇಲೆ ಮನೆ ಒತ್ತಲಿ. ಒತ್ತಿ ಹಾಡಿದರೆ ಗಂಟಲು ವಾದ್ಯಕ್ಕೆ ಜೋತುಬೀಳುತ್ತದೆ. ಹಾಡಲು ಯಾವ ಶ್ರುತಿ ಎಂಬುದನ್ನು ಗುರುಗಳು ಅವನ ಕಂಠ ಕೇಳಿ ಗೊತ್ತುಮಾಡಲಿ.

ಗುರುಗಳನ್ನು ಹುಡುಕುವಾಗ, “ಇಲ್ಲಿ, ಹೀಗೆ” ಎನ್ನದೆ ಬೆರಳು, ಮನೆ ಹೆಸರಿಸಿ ಹೇಳುವವರೇ ಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಅಂಧ ಮಕ್ಕಳಿಗೆ ಊಟ, ವಸತಿಯೊಂದಿಗೆ ಸಂಗೀತ ಕಲಿಸುತ್ತಾರೆ. ಅದನ್ನು ಕಟ್ಟಿದ ಪಂಚಾಕ್ಷರಿ ಗವಾಯಿಗಳಿಗೂ ಬೆಳೆಸಿದ ಪುಟ್ಟರಾಜ ಗವಾಯಿಗಳಿಗೂ ಕಣ್ಣಿರಲಿಲ್ಲ. ಮಗನನ್ನು ಕರೆದುಕೊಂಡು ಒಮ್ಮೆ ಹೋಗಿ, ಅಲ್ಲಿನ ಪಾಠ ಕೇಳಿಸಿ ಬನ್ನಿ.